ಗುರುತಿನ ಉಂಗುರ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಅದರ ಮೇಲಿದೆ. ರಾಜವಂಶದ ಪ್ರಶಸ್ತಿಯೆಂದು ನಾವು ಅದನ್ನು ಓದುತ್ತೇವೆ. ಆದರೆ ಅದು ನಮ್ಮ ಜಿಲ್ಲೆಯ ಹುಡುಗನೊಬ್ಬನ ಪರದೇಶ ಪ್ರವಾಸದ ಕಥೆಯೂ ಹೌದು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದನು. ಪಲ್ಲವರ ಕುದುರೆ ಸವಾರನೊಬ್ಬನೊಡನೆ ಕಲಹವಾಯಿತು. ಅವಮಾನ ತಾಳಲಾರದೆ ಆಯುಧ ಹಿಡಿದನು. ಮುಂದಿನದನ್ನು ಶಾಲೆಯ ಮಕ್ಕಳೂ ಬಲ್ಲರು. ನನ್ನ ಮನಸ್ಸು ನಿಲ್ಲುವುದು ಕಲಹಕ್ಕಿಂತ ಮುಂಚಿನ ಒಂದು ಸಣ್ಣ ಸಂಗತಿಯಲ್ಲಿ. ಕಾಂಚಿಯ ಬಾಗಿಲಲ್ಲಿ 'ನೀನು ಯಾರು, ಯಾರ ಮಗ, ಓದು ಮುಗಿದ ಮೇಲೆ ಊರಿಗೆ ಹಿಂದಿರುಗುವೆ ಎಂಬುದಕ್ಕೆ ಆಧಾರವೇನು' ಎಂದು ಯಾರಾದರೂ ಕೇಳಿದ್ದರೆ ಉತ್ತರ ಅವನ ಪಕ್ಕದಲ್ಲಿಯೇ ನಿಂತಿತ್ತು. ಗುರುವೇ ಅವನ ಸಾಕ್ಷಿ. ಗುರುವಿನ ಮಾತೇ ಅವನ ಕಾಗದ.

ಆ ಕಾಲ ಹೋಯಿತು. ಈಗ ಮನುಷ್ಯನ ಪಕ್ಕದಲ್ಲಿ ಮನುಷ್ಯ ನಿಂತು ಸಾಕ್ಷಿ ಹೇಳಿದರೆ ಸಾಲದು, ಅವನ ಹಿಂದೆ ಕಾಗದ ನಿಲ್ಲಬೇಕು. ಶಿವಮೊಗ್ಗ ಭದ್ರಾವತಿಗಳ ಬೀದಿಗಳಲ್ಲಿ ಮಕ್ಕಳು ಮೊಮ್ಮಕ್ಕಳು ಹೊರದೇಶದಲ್ಲಿರುವ ಮನೆಗಳು ಇಂದು ಎಷ್ಟೋ ಇವೆ. ಮಗಳ ಬಾಣಂತನಕ್ಕೆಂದೋ ಮೊಮ್ಮಗನ ನಾಮಕರಣಕ್ಕೆಂದೋ ಹಿರಿಯರು ಹೊರಟಾಗ ಮೊದಲು ಎದುರಾಗುವುದು ಸಮುದ್ರವಲ್ಲ, ರುಜುವಾತು. ಸಂದರ್ಶಕರ ವೀಸಾ ಎಂಬ ಆ ಅನುಮತಿಗೆ ಬೇಕಾದ ಸಾಕ್ಷ್ಯ ನಮ್ಮವರಿಗೆ ಏಕೆ ಇಷ್ಟು ಕಷ್ಟವಾಗುತ್ತದೆ, ಆ ಕಷ್ಟದ ಬೇರು ನಮ್ಮ ನಾಡಿನ ಚರಿತ್ರೆಯಲ್ಲಿ ಎಲ್ಲಿದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ನನಗೆ ಇದರ ಪರಿಚಯವಾದುದು ನಮ್ಮ ಬೀದಿಯ ಒಬ್ಬ ಹಿರಿಯರ ದೆಸೆಯಿಂದ. ಅವರ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಅಪ್ಪಣೆಯಿಲ್ಲದೆ ಗಡಿ ದಾಟಬಾರದೆಂಬ ವಿಚಾರ ಹೊಸದೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರಷ್ಟೆ. ಅದರಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷದ ಶುಲ್ಕಕ್ಕೆ ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನು ಜನಪದವನ್ನು ಹೊಗಬಹುದು, ಹೊರಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ. ಕಳ್ಳಮುದ್ರೆ ತೋರಿಸಿದವನಿಗೆ ಅದಕ್ಕಿಂತ ಹೆಚ್ಚು. ಅವನು ಪರದೇಶದವನಾದರೆ ಎಲ್ಲಕ್ಕಿಂತ ಹೆಚ್ಚು. ಹಳೆಯ ಮೈಸೂರಿನ ಕಚೇರಿಗಳಲ್ಲಿ ಇಂತಹ ಪತ್ರಕ್ಕೆ ರಹದಾರಿ ಎಂಬ ಹೆಸರಿತ್ತು. ಆದರೆ ಇವೆಲ್ಲ ಸುಂಕ, ಸೈನ್ಯ, ಗೂಢಚಾರರ ಸಂಬಂಧವಾದ ಕಟ್ಟಳೆಗಳು. ಮಗಳ ಮನೆಗೆ ಹೊರಟ ತಾಯಿಯನ್ನು ಉದ್ದೇಶಿಸಿದುವಲ್ಲ.

ಸಂಬಂಧಕ್ಕೆ ಸಾಕ್ಷ್ಯ ಕೇಳಿದ ಕಥೆ ಬೇಕಾದರೆ ಕಾಳಿದಾಸನ ಬಳಿಗೆ ಹೋಗಬೇಕು. ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದ ಆ ನಾಟಕದಲ್ಲಿ ಶಕುಂತಲೆ ದುಷ್ಯಂತನ ಆಸ್ಥಾನಕ್ಕೆ ಬಂದಾಗ ಅವಳಲ್ಲಿ ಸತ್ಯವಿತ್ತು, ಋಷಿಗಳ ಬೆಂಬಲವಿತ್ತು, ಗರ್ಭದಲ್ಲಿ ಕೂಸೂ ಇತ್ತು. ಉಂಗುರ ಮಾತ್ರ ಇರಲಿಲ್ಲ. ಅದು ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿತ್ತು. ಇಷ್ಟು ವರ್ಷ ತರಗತಿಯಲ್ಲಿ ಈ ಭಾಗವನ್ನು ಶಾಪದ ಕಥೆಯೆಂದೇ ಪಾಠ ಹೇಳಿದೆ. ನಮ್ಮ ಹಿರಿಯರ ವೀಸಾದ ಗೋಳು ನೋಡಿದ ಮೇಲೆ ಇದು ದಾಖಲೆ ಕಳೆದವರ ಕಥೆಯೆಂದೂ ತೋರತೊಡಗಿದೆ.

ಇಂದಿನ ಪಾಸ್‌ಪೋರ್ಟು ವೀಸಾಗಳ ಕಟ್ಟುಪಾಡು ಮೊದಲನೆಯ ಮಹಾಯುದ್ಧದ ಕೂಸು. 1914ಕ್ಕೆ ಮುಂಚೆ ರಷ್ಯ, ತುರ್ಕಿಗಳಂತಹ ಕೆಲವು ದೇಶಗಳನ್ನು ಬಿಟ್ಟರೆ ಯೂರೋಪಿನ ಬಹುಭಾಗದಲ್ಲಿ ಪ್ರವಾಸಿ ಕಾಗದವಿಲ್ಲದೆ ಓಡಾಡಬಹುದಾಗಿತ್ತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನೂ 1908ರಲ್ಲಿ ಯೂರೋಪು ಅಮೆರಿಕಗಳನ್ನೂ ಸುತ್ತಿ ಬಂದುದು ಆ ಹಳೆಯ ಕಾಲದಲ್ಲಿ. ಎಲ್ಲರಿಗೂ ಅಷ್ಟು ಸಲೀಸಾಗಿತ್ತೆಂದು ಮಾತ್ರ ತಿಳಿಯಬಾರದು. 1883ರ ವಲಸೆ ಕಾನೂನಿನ ಕಾಲದಲ್ಲಿ ಕರಾರು ಕೂಲಿಗಳಾಗಿ ಹಡಗು ಹತ್ತಿದ ನಮ್ಮ ದೇಶದ ಬಡವರ ಪಾಸುಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹಳ್ಳಿ, ಮೈಮೇಲಿನ ಗುರುತು ಎಲ್ಲವನ್ನೂ ಬರೆಯುತ್ತಿದ್ದರು. ಅಂದರೆ, ಬಡವನಿಗೆ ಬೇಕಾಗಿದ್ದ ಕಾಗದ ಯುದ್ಧವಾದ ಮೇಲೆ ಎಲ್ಲರಿಗೂ ಬೇಕಾಯಿತು. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ಸಭೆ ಸೇರಿ ಪಾಸ್‌ಪೋರ್ಟ್ ಪುಸ್ತಕಕ್ಕೆ ಒಂದು ಸಮಾನರೂಪ ಹೇಳಿದರು. ಅದೇ ವರ್ಷ ಭಾರತದಲ್ಲಿಯೂ ಪಾಸ್‌ಪೋರ್ಟಿನ ಕಾನೂನಾಯಿತು. 1924ರಲ್ಲಿ ಅಮೆರಿಕ ಮಾಡಿದ ಕಾನೂನಿನಿಂದ ಇನ್ನೊಂದು ಪಲ್ಲಟವಾಯಿತು. ಅಲ್ಲಿಯವರೆಗೆ ಪರೀಕ್ಷೆ ಮುಖ್ಯವಾಗಿ ಬಂದರಿನಲ್ಲಿ ನಡೆಯುತ್ತಿತ್ತು. ಇನ್ನು ಮೇಲೆ ಹೊರಡುವ ಮುಂಚೆಯೇ ಹೊರದೇಶದ ದೂತಾವಾಸದಲ್ಲಿ ನಡೆಯಬೇಕಾಯಿತು. ಗಡಿಯ ಗೇಟು ಸಮುದ್ರ ದಾಟಿ ನಮ್ಮ ಊರಿನ ಸಮೀಪಕ್ಕೆ ಬಂದಿತೆಂದು ಇದನ್ನು ತಿಳಿಯಬಹುದು.

ಸ್ವತಂತ್ರ ಭಾರತದಲ್ಲಿಯೂ ಬಹುಕಾಲ ಪಾಸ್‌ಪೋರ್ಟು ಸರ್ಕಾರದ ದಯೆಯ ವಸ್ತುವಾಗಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿದೇಶ ಪ್ರಯಾಣವು ವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ತೀರ್ಪು ಕೊಟ್ಟಿತು. ಅದೇ ವರ್ಷ ಪಾಸ್‌ಪೋರ್ಟ್ ಅಧಿನಿಯಮ ಬಂದಿತು. ಹೊರಡುವ ಹಕ್ಕು ಹೀಗೆ ನಮ್ಮದಾಯಿತು. ಹೊಗುವ ಹಕ್ಕಾದರೋ ಎಂದಿಗೂ ಆತಿಥೇಯನದು. ಹೊರಟವರಿಗೆ ಹಣದ ಕಟ್ಟೂ ಇತ್ತು. ಒಂದು ಕಾಲದಲ್ಲಿ ಕೈಯಲ್ಲಿ 8 ಡಾಲರ್ ಮಾತ್ರ ಇಟ್ಟುಕೊಂಡು ವಿಮಾನ ಹತ್ತಿದವರ ಕಥೆಯನ್ನು ಇಂದಿನ ಅಜ್ಜಂದಿರಿಂದ ಕೇಳಬಹುದು.

1965 ನಮಗೆ ನೆನಪಿರುವುದು ಭದ್ರಾವತಿಯ ಆಕಾಶವಾಣಿ ಕೇಂದ್ರ ಪ್ರಾರಂಭವಾದ ವರ್ಷವೆಂದು. ಅದೇ ವರ್ಷ ಅಮೆರಿಕ ದೇಶವಾರು ಕೋಟಾದ ಹಳೆಯ ಕಾನೂನನ್ನು ಬದಲಾಯಿಸಿತು. ಅದಕ್ಕೆ ಮುಂಚೆ, 1946ರ ಕಾನೂನಿನಂತೆ, ಭಾರತಕ್ಕೆ ವರ್ಷಕ್ಕೆ ಸುಮಾರು 100 ವಲಸಿಗರ ಕೋಟಾ ಇದ್ದದ್ದು. ಬಾಗಿಲು ತೆರೆದ ಮೇಲೆ ವೈದ್ಯರು ಹೋದರು, ಎಂಜಿನಿಯರುಗಳು ಹೋದರು. ಅವರ ಹಿಂದೆ ತಂದೆತಾಯಂದಿರು ನೋಡಿಕೊಂಡು ಬರಲು ಹೋದರು. ಹಾಗೆ ಮಕ್ಕಳ ಮನೆಗೆ ಹೋಗಿ ಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ನಮ್ಮ ಜಿಲ್ಲೆಯ ಮಟ್ಟಿಗೆ ಈ ಹೋಗಿಬರುವಿಕೆ ಹೆಚ್ಚಿದುದು ಆಮೇಲೆ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದು, ಕಾರ್ಖಾನೆಯ ಕೆಲಸಗಾರರ ಮಕ್ಕಳು ಕಂಪ್ಯೂಟರ್ ಕಲಿತು ಬೆಂಗಳೂರಿನ ಮೇಲೆ ಹೊರಗೆ ಹೋದ ನಂತರ.

ಇನ್ನು ನಮ್ಮ ಹಿರಿಯರ ವಿಷಯ. ನಿಜವಾದ ಹೆಸರು ಬೇಡ. ಹಾಲಪ್ಪನವರ ಮಗ ಶಿವಪ್ಪ ಎಂದಿಟ್ಟುಕೊಳ್ಳೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1970ರಿಂದ ದುಡಿದು ನಿವೃತ್ತರಾದವರು. 2017ರಲ್ಲಿ ಹೊರದೇಶದಲ್ಲಿದ್ದ ಒಬ್ಬಳೇ ಮಗಳು ಗರ್ಭಿಣಿಯೆಂದು ಸುದ್ದಿ ಬಂದಿತು. ಶಿವಪ್ಪನವರ ಪತ್ನಿ ಆ ವಾರವೇ ಅಂಟು, ಒಣಕೊಬ್ಬರಿ, ಬಾಣಂತಿಯ ಪುಡಿಗೆ ಬೇಕಾದ ಶುಂಠಿ ಮೆಣಸು ತರಿಸಿದರು. ಪಾಸ್‌ಪೋರ್ಟು ವೀಸಾ ಎಂದರೆ ಬಸ್ಸಿನ ಟಿಕೆಟ್ಟಿನಂತೆ ಎಂದು ಅವರ ನಂಬಿಕೆ. ಒಂದು ಸಂಜೆ ಶಿವಪ್ಪನವರು ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ನಾನು ಹುಟ್ಟಿದ್ದೇನೆ ಅಂತ ತೋರಿಸಬೇಕಂತೆ. ಇದರಲ್ಲಿ ಎಲ್ಲಾದರೂ ಇದೆಯೇ ನೋಡಿ" ಎಂದರು.

ಅವರು ಹುಟ್ಟಿದ ಊರು ಈಗ ಇಲ್ಲ. ಶರಾವತಿ ಕಣಿವೆಯ ಆ ಹಳ್ಳಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನಾಡಿಗೆ ವಿದ್ಯುತ್ತು ಬಂದಿತು. ನಮ್ಮ ರೇಡಿಯೋಗಳು ಹಾಡಿದುದೂ ಅದರಿಂದಲೇ. ಮುಳುಗಡೆಯಿಂದ ಎದ್ದು ಬಂದ ಅನೇಕ ಕುಟುಂಬಗಳಿಗೆ ತೋರಿಸಿದ ಜಾಗ ಅರಣ್ಯ ಇಲಾಖೆಯ ಲೆಕ್ಕದಲ್ಲಿಯೇ ಉಳಿದು, ಹಕ್ಕುಪತ್ರದ ತಕರಾರು ದಶಕಗಟ್ಟಲೆ ಎಳೆಯಿತು. ಊರಿನ ಜನನ ಮರಣಗಳನ್ನು ಬಲ್ಲ ಶಾನುಭೋಗಿಕೆಯೂ ಅದೇ ಸುಮಾರಿಗೆ, 1963ರಲ್ಲಿ, ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದಾಗ ಕೊನೆಗೊಂಡಿತು. ಜನನ ಮರಣ ನೋಂದಣಿಯ ಕೇಂದ್ರ ಕಾನೂನಾದುದು 1969ರಲ್ಲಿ. ಅಂದರೆ 1949ರಲ್ಲಿ ಹುಟ್ಟಿದ ಮನುಷ್ಯನ ಊರನ್ನು ನೀರು ತೆಗೆದುಕೊಂಡಿತು, ದಫ್ತರ ಕೈ ಬದಲಾಯಿಸಿತು, ಕಾನೂನು 20 ವರ್ಷ ತಡವಾಗಿ ಬಂದಿತು. ಅವರು ಹುಟ್ಟಿದುದನ್ನು ಬಲ್ಲ ಸೂಲಗಿತ್ತಿಯನ್ನು ಯಾರೂ ಬರೆದಿಡಲಿಲ್ಲ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಶಾಲೆಯ ದಾಖಲೆಯಲ್ಲಿ ಅವರು ಶಿವಪ್ಪ ಬಿನ್ ಹಾಲಪ್ಪ, ಕಾರ್ಖಾನೆಯಲ್ಲಿ ಎಚ್. ಶಿವಪ್ಪ, ಪಡಿತರ ಚೀಟಿಯಲ್ಲಿ ಊರಿನ ಹೆಸರೂ ಸೇರಿ ಮತ್ತೊಂದು. ಪಾಸ್‌ಪೋರ್ಟಿನವರು ಮನೆತನದ ಹೆಸರು ಬೇಕೆನ್ನುತ್ತಾರೆ. ನಮ್ಮಲ್ಲಿ ಬಹು ಜನಕ್ಕೆ ಅದು ಇಲ್ಲ. ಇರುವುದು ಊರು, ತಂದೆ, ತಾನು. ಆ ಅಂಕಣದಲ್ಲಿ ತಂದೆಯ ಹೆಸರು ಹೋಯಿತು. ಮುಂದೆ ಕಚೇರಿಗಳಲ್ಲಿ ಇವರನ್ನು 'ಮಿಸ್ಟರ್ ಹಾಲಪ್ಪ' ಎಂದು ಕೂಗಿದಾಗ, ತೀರಿಕೊಂಡು 30 ವರ್ಷವಾದ ತಂದೆ ಎದ್ದು ಬಂದರೇನೋ ಎಂದು ಹಿಂದೆ ತಿರುಗಿ ನೋಡುತ್ತಿದ್ದರು. ಪತ್ನಿಯ ಮನೆತನದ ಹೆಸರು ಶಿವಪ್ಪ. ಮಗಳದು ಮದುವೆಯ ಮೇಲೆ ಅವಳ ಮಾವನ ಹೆಸರು. ಒಂದೇ ಒಲೆಯಲ್ಲಿ ಉಂಡವರಿಗೆ ಮೂರು ವಂಶ! ಆ ಅಂಕಣವನ್ನು ಖಾಲಿ ಬಿಟ್ಟರೂ ಸುಖವಿಲ್ಲ. ಅಮೆರಿಕದ ವೀಸಾದಲ್ಲಿ ಇದ್ದ ಒಂದು ಹೆಸರನ್ನು ಮನೆತನದ ಜಾಗಕ್ಕೆ ಸರಿಸಿ, ಸ್ವಂತ ಹೆಸರು ತಿಳಿಯದೆಂಬ ಅರ್ಥದ ಮೂರು ಅಕ್ಷರ ಅಚ್ಚಿಸುತ್ತಾರೆ. ಹುಟ್ಟಿದ ತಾರೀಕೂ ಹಾಗೆಯೇ. ಶಾಲೆಗೆ ಸೇರಿಸುವಾಗ ತಂದೆ 'ಮಳೆಗಾಲದ ಮೊದಲು ಹುಟ್ಟಿದ್ದು' ಎಂದರೆ ಮೇಷ್ಟ್ರು ಜೂನ್ 1 ಎಂದು ಬರೆದರು. ನನ್ನ ವೃತ್ತಿಬಾಂಧವರನ್ನು ನಾನು ದೂರಲಾರೆ. ಸರ್ಕಾರಿ ಲೆಕ್ಕದಲ್ಲಿ ನಾನೂ ಹುಟ್ಟಿದುದು ಜೂನ್ 1ರಂದೇ.

ಊರುಗಳೇ ಹೆಸರು ಬದಲಾಯಿಸಿದುವು. ಬೆಂಕಿಪುರ ಭದ್ರಾವತಿಯಾಯಿತು, ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾಯಿತು, 2014ರ ನವೆಂಬರ್ 1ರಂದು ಇಂಗ್ಲಿಷಿನ ಷಿಮೊಗಾ ಶಿವಮೊಗ್ಗವಾಯಿತು. ಕನ್ನಡಿಗರಿಗೆ ಸಂತೋಷದ ಸಂಗತಿ, ಕಾಗದಕ್ಕೆ ಇನ್ನೊಂದು ವಿವರಣೆ. ಶಿವಪ್ಪನವರು ದುಡಿದ ಕಾರ್ಖಾನೆಯ ಹೆಸರೂ ಹಾಗೆ. 1918ರಲ್ಲಿ ಮೈಸೂರು ಸರ್ಕಾರ ಪ್ರಾರಂಭಿಸಿದಾಗ ಒಂದು, ವಿಶ್ವೇಶ್ವರಯ್ಯನವರ ಹೆಸರು ಬಂದಾಗ ಮತ್ತೊಂದು, ಕೇಂದ್ರದ ಉಕ್ಕು ಸಂಸ್ಥೆಗೆ ಸೇರಿದ ಮೇಲೆ ಇನ್ನೊಂದು. ಸೇವಾ ಪ್ರಮಾಣಪತ್ರದ ತಲೆಬರಹ ಮೂರು ಕಡೆ ಮೂರು ಬಗೆಯಾದರೆ ಹೊರಗಿನವನಿಗೆ ಮೂರು ಕಾರ್ಖಾನೆಗಳೆಂದೇ ತೋರುವುದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ ಇದ್ದುದು ಇದೇ ಊರಿನಲ್ಲಿ. ನಾಡಿಗೆಲ್ಲ ಕಾಗದ ಕೊಟ್ಟ ಊರಿನವರಿಗೆ ತಮ್ಮದೇ ಕಾಗದ ಸಿಕ್ಕದೆ ಹೋಯಿತಲ್ಲ ಎಂದು ನಾವು ನಕ್ಕೆವು.

ಶಿವಪ್ಪನವರು ಮೊದಲು ಒಬ್ಬ ದಲ್ಲಾಳಿಯ ಬಳಿ ಹೋಗಿ ಬಂದಿದ್ದರು. ಅವನ ಉಪದೇಶ ಎರಡು: ಸಾಲ ತಂದಾದರೂ ಬ್ಯಾಂಕಿನ ಖಾತೆಯಲ್ಲಿ ದೊಡ್ಡ ಮೊತ್ತ ತೋರಿಸಿ, ಬಾಣಂತನದ ಮಾತೆತ್ತದೆ ಊರು ನೋಡಲು ಹೋಗುತ್ತೇವೆ ಎನ್ನಿ. ಬೇಕಾದರೆ ಆಸ್ತಿಯ ಮೌಲ್ಯಪತ್ರವನ್ನೂ 'ಮಾಡಿಸಿ' ಕೊಡುವನಂತೆ. ಅದೊಂದನ್ನು ಇವರು ಒಪ್ಪಲಿಲ್ಲ, ಉಳಿದೆರಡನ್ನು ಒಪ್ಪಿದರು. ದೂತಾವಾಸದ ಕಿಟಕಿಯಲ್ಲಿ ನಾಲ್ಕು ಪ್ರಶ್ನೆಗಳಾದುವು. ಯಾವ ಊರು ನೋಡುವಿರಿ ಎಂದರೆ ಬಾಯಿಪಾಠ ಮರೆತುಹೋಯಿತು. ಮಗಳಿಗೆ ಏನು ವಿಶೇಷ ಎಂದರೆ ಪತ್ನಿ ಗಂಡನ ಮುಖ ನೋಡಿದರು. ಎರಡು ನಿಮಿಷದಲ್ಲಿ ಪಾಸ್‌ಪೋರ್ಟುಗಳು ತಿರುಗಿ ಬಂದುವು. ಹೊತ್ತುಕೊಂಡು ಹೋಗಿದ್ದ ಕಾಗದದ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ನಿರಾಕರಿಸಿದವರನ್ನು ನಾನು ಆಕ್ಷೇಪಿಸಲಾರೆ. ಅವರ ಕಣ್ಣೆದುರು ಇದ್ದುದು ಹೊಂದದ ಮಾತು.

ಈ ಪರೀಕ್ಷೆಯ ನಿಯಮ ಗೊತ್ತಿದ್ದರೆ ಈ ಸೋಲು ಅರ್ಥವಾಗುತ್ತದೆ. ನ್ಯಾಯಾಲಯದಲ್ಲಿ ಅಪರಾಧ ಸಿದ್ಧವಾಗುವವರೆಗೆ ಮನುಷ್ಯ ನಿರಪರಾಧಿ. ವೀಸಾದಲ್ಲಿ ಕ್ರಮ ತಲೆಕೆಳಗು. ಅಮೆರಿಕದ 1952ರ ವಲಸೆ ಕಾನೂನಿನ 214ನೆಯ ವಿಧಿಯ ಒಂದು ಉಪವಿಧಿಯಂತೆ, ಸಂದರ್ಶಕನೆಂದು ಬರುವವನು ಅಲ್ಲಿಯೇ ನೆಲಸಲು ಬರುವವನೆಂದು ಮೊದಲು ಭಾವಿಸಬೇಕು. ಅಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡುವ ಹೊಣೆ ಅರ್ಜಿದಾರನದು. ಅದಕ್ಕೆ ಅಪೀಲಿಲ್ಲ, ಆದರೆ ಮತ್ತೆ ಅರ್ಜಿ ಹಾಕಲು ಅಡ್ಡಿಯೂ ಇಲ್ಲ. ಬ್ರಿಟನ್ನಿನ ರೀತಿ ಬೇರೆ. ಭಾರತೀಯರಿಗೆ ಅಲ್ಲಿ ವೀಸಾ ಕಡ್ಡಾಯವಾದುದು 1986ರಲ್ಲಿ. ಕುಟುಂಬವನ್ನು ನೋಡಲು ಬರುವವರಿಗೆ ಇದ್ದ ಅಪೀಲಿನ ಹಕ್ಕನ್ನು 2013ರಲ್ಲಿ ತೆಗೆದರು. ಅಲ್ಲಿ ಸಾಮಾನ್ಯವಾಗಿ ಕಾಗದವೇ ಮಾತಾಡಬೇಕು, ಅಮೆರಿಕದವರ ಮುಂದೆ ಬಾಯಿ ಮಾತಾಡಬೇಕು. ಎರಡು ಕಡೆಯೂ ಕೇಳುವ ಪ್ರಶ್ನೆ ಒಂದೇ: ನಿನ್ನನ್ನು ಊರಿಗೆ ಹಿಂದಕ್ಕೆ ಎಳೆಯುವುದು ಏನು?

ಸುಳ್ಳು ಪತ್ರದ ವಿಷಯದಲ್ಲಿ ನಮ್ಮ ಶಾಸನತಜ್ಞರಿಂದ ಕಲಿಯುವುದಿದೆ. ಬಿ. ಎಲ್. ರೈಸರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಎರಡು ಸಂಪುಟಗಳಲ್ಲಿ 1902, 1904ರಲ್ಲಿ ಹೊರತಂದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ಫ್ಲೀಟರಿಗೂ ದೀರ್ಘ ವಾದ ನಡೆಯಿತು. ಅನೇಕ ಪಟಗಳು ಕೂಟಶಾಸನಗಳೆಂದು ಫ್ಲೀಟರ ಪಕ್ಷ. ಅವರು ನೋಡಿದುದು ಲಿಪಿಯ ಕಾಲ, ತಿಥಿ ವಾರಗಳ ಹೊಂದಿಕೆ, ವಂಶಾವಳಿಯ ಮೇಳ. ಒಂದು ತಿಥಿ ವಾರಕ್ಕೆ ಕೂಡದಿದ್ದರೆ ಪಟದ ಮಿಕ್ಕ ಮಾತುಗಳ ಮೇಲೂ ಸಂಶಯ ಬೀಳುತ್ತಿತ್ತು. ವೀಸಾ ಅಧಿಕಾರಿಯ ಕಣ್ಣೂ ಫ್ಲೀಟರ ಕಣ್ಣೇ. ನಿನ್ನೆ ತಾನೆ ಬಂದು ಬಿದ್ದ ಎಂಟು ಲಕ್ಷ ರೂಪಾಯಿ, ಹತ್ತು ವರ್ಷದ ಪಿಂಚಣಿಯ ನಡುವೆ, ಹತ್ತನೆಯ ಶತಮಾನದ ಲಿಪಿಯಲ್ಲಿ ಬರೆದ ನಾಲ್ಕನೆಯ ಶತಮಾನದ ದಾನಪತ್ರದಂತೆ ಕಾಣುತ್ತದೆ. ಇನ್ನು ಖೋಟಾ ಪತ್ರವೆಂದು ಸಿದ್ಧವಾದರೆ ಕೌಟಿಲ್ಯನ ದಂಡವೇ ಮೇಲು. ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಿ ವಿಶೇಷ ವಿನಾಯಿತಿ ಸಿಕ್ಕದಿದ್ದರೆ ಜೀವಮಾನವಿಡೀ.

ಎರಡನೆಯ ಸಲಕ್ಕೆ ಪೆಟ್ಟಿಗೆಯನ್ನು ಚರಿತ್ರಕಾರನಂತೆ ನೋಡೋಣವೆಂದುಕೊಂಡೆ. ಕಾಗದ ಎಲ್ಲಿ ಇಲ್ಲವೆಂದು ಅಳುವುದಕ್ಕಿಂತ ಈ ಬಾಳು ಎಲ್ಲೆಲ್ಲಿ ಕಾಗದದ ಮೇಲೆ ಹೆಜ್ಜೆಯಿಟ್ಟಿದೆ ಎಂದು ಹುಡುಕುವುದು. ಮುಳುಗಡೆಯ ನಂತರ ಹುಡುಗನನ್ನು ಸೇರಿಸಿದ ಭದ್ರಾವತಿಯ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ಇತ್ತು. ಅನುಮತಿ ಪಡೆದು ಎರಡು ಶನಿವಾರ ಕುಳಿತೆ. ಇಲಿ ಕಡಿದ ಪುಟದಲ್ಲಿ ಹೆಸರು, ತಂದೆಯ ಹೆಸರು, 1-6-1949, ಮುಳುಗಿದ ಊರಿನ ಹೆಸರು. ಷರಾದ ಅಂಕಣದಲ್ಲಿ ಯಾವನೋ ಪುಣ್ಯಾತ್ಮ ಮೇಷ್ಟ್ರು 'ಮುಳುಗಡೆ ಪ್ರದೇಶದಿಂದ ಬಂದವನು' ಎಂದು ಬರೆದಿದ್ದರು. ಆ ಅಕ್ಷರ ನೋಡಿ ಶಿವಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾರ್ಖಾನೆಯ ಸೇವಾ ಪುಸ್ತಕದ ತಾರೀಕು ಅದರಿಂದಲೇ ಇಳಿದು ಬಂದಿತ್ತು, ಎರಡೂ ಕೂಡಿಕೊಂಡುವು. ಪೆಟ್ಟಿಗೆಯ ತಳದಲ್ಲಿ 1970ರ ದಶಕದ ರೇಡಿಯೋ ಲೈಸೆನ್ಸಿನ ಪುಸ್ತಕ ಸಿಕ್ಕಿತು. ಆ ಲೈಸೆನ್ಸು ರದ್ದಾಗಿ ಈಗ ಮೂರೂವರೆ ದಶಕಗಳ ಮೇಲಾಯಿತು. ವರ್ಷ ವರ್ಷವೂ ಅಂಚೆ ಕಚೇರಿಯ ಮೊಹರು ಬಿದ್ದ ಆ ಪುಸ್ತಕ ಯಾವ ದೂತಾವಾಸವೂ ಕೇಳುವ ದಾಖಲೆಯಲ್ಲ. ಆದರೆ ಇವರು ಯಾವ ವರ್ಷ ಯಾವ ಕ್ವಾರ್ಟರ್ಸಿನಲ್ಲಿದ್ದರು, ಹೆಸರನ್ನು ಯಾವ ಕಾಗುಣಿತದಲ್ಲಿ ಬರೆಸುತ್ತಿದ್ದರು ಎಂಬುದನ್ನು ನನಗೆ ತೋರಿಸಿದುದು ಅದೇ.

ಪತ್ನಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1989ರ ಜನವರಿ 26ಕ್ಕೆ ಮುಂಚೆ ಹುಟ್ಟಿದವರು ಜನನ ಪತ್ರವನ್ನೇ ತರಬೇಕೆಂಬ ನಿರ್ಬಂಧ ಪಾಸ್‌ಪೋರ್ಟಿಗೆ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಪ್ರಕಟವಾದ ಸಡಿಲಿಕೆಯಲ್ಲಿ ಜೀವವಿಮೆಯ ಪತ್ರವೂ ಆಧಾರಗಳ ಪಟ್ಟಿಯಲ್ಲಿತ್ತು. 1978ರಲ್ಲಿ ಒತ್ತಾಯಕ್ಕೆ ಮಾಡಿಸಿದ್ದ ಪುಟ್ಟ ವಿಮೆಯೇ ಅವರ ಪಾಸ್‌ಪೋರ್ಟಿನ ಕೈ ಹಿಡಿದಿತ್ತು. ಅವರಿಗೆ ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಅಕ್ಕಿಯ ಮೇಲೆ ಬರೆಸಿದ ಹೆಸರು ಇನ್ನೊಂದು. ನಮ್ಮ ದಸ್ತಾವೇಜುಗಳಲ್ಲಿ ಇಂತಹದಕ್ಕೆ 'ಉರುಫ್' ಎಂಬ ಸಲಿಗೆಯ ಪದವಿದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಪೊಲೀಸರು ಕಳ್ಳರ ಹೆಸರಿಗೆ ಸೇರಿಸುವ ಶಬ್ದವೇ ಬರುತ್ತದೆ! ಕಡೆಗೆ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿ, ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಹೇಳಿಸಿ, ಮದುವೆಯಲ್ಲಿ ಹೆಸರಿಡುವ ನಮ್ಮ ಪದ್ಧತಿಯನ್ನು ಎರಡು ವಾಕ್ಯದಲ್ಲಿ ವಿವರಿಸಿದೆವು. ಮಗಳ ಜನನ ಪತ್ರದಲ್ಲಿ ಹೆಸರಿನ ಅಂಕಣ ಖಾಲಿಯಿದ್ದಿತು, ಬರೀ 'ಹೆಣ್ಣು'. ತಂದೆತಾಯಿಯ ಹೆಸರು, ತಾರೀಕು ಅವಳ ಶಾಲೆಯ ಪತ್ರಕ್ಕೆ ಕೂಡುತ್ತಿದ್ದುವು. ನಾಡಕಚೇರಿಯಿಂದ ವಂಶವೃಕ್ಷವನ್ನೂ ತಂದರು. ಗುಂಟೆ, ತರಿ, ಖುಷ್ಕಿ, ಬಾಗಾಯ್ತುಗಳ ಪಹಣಿಯನ್ನು ಇಂಗ್ಲಿಷಿನವನಿಗೆ ತಿಳಿಯುವಂತೆ ಬರೆಯುವುದರಲ್ಲಿ ಪಂಪನಿಗೆ ಟೀಕೆ ಬರೆದಷ್ಟು ಶ್ರಮವಾಯಿತು.

ಸಾಲದ ಹಣವನ್ನು ತಿರುಗಿ ಕೊಟ್ಟುಬಿಟ್ಟರು. ಪಾಸುಪುಸ್ತಕದಲ್ಲಿ ಉಳಿದುದು ತಿಂಗಳು ತಪ್ಪದೆ ಬಂದ ಸಣ್ಣ ಪಿಂಚಣಿ, ಮಗ ಸೊಸೆ ವಾಸವಿರುವ ಮನೆಯ ಕಂದಾಯ, ಅಡಿಕೆ ಮಾರಿದ ಹಣ. ಪ್ರಯಾಣದ ಖರ್ಚು ತನ್ನದೆಂದು ಮಗಳು ಬರೆದ ಪತ್ರ, ಅವಳ ಸಂಬಳದ ದಾಖಲೆ ಪಕ್ಕಕ್ಕೆ. ಎಲ್ಲದರ ಮೇಲೆ ಒಂದೇ ಪುಟದ ಪಟ್ಟಿ: ಯಾವ ವರ್ಷ ಏನಾಯಿತು, ಹೆಸರು ಯಾವಾಗ ಏಕೆ ಬದಲಾಯಿತು, ಮೊದಲ ಸಲ ಏಕೆ ನಿರಾಕರಣೆಯಾಯಿತು.

ಇಲ್ಲೊಂದು ಅನ್ಯಾಯದ ಅರಿವು ನನ್ನನ್ನು ಬಿಡಲಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಗೇಣಿದಾರರು ಫಾರಂ 7 ಸಲ್ಲಿಸಿದಾಗ, ಗೇಣಿ ಚೀಟಿಯೇ ಇಲ್ಲದವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ. ಭೂನ್ಯಾಯಮಂಡಳಿಯ ಮುಂದೆ ನೆರೆಹೊರೆಯವರು ನಿಂತು, ಈ ಗದ್ದೆ ಉತ್ತವನು ಇವನೇ ಎಂದು ಸಾಕ್ಷಿ ಹೇಳಬಹುದಾಗಿತ್ತು. 1872ರ ಸಾಕ್ಷ್ಯ ಅಧಿನಿಯಮದಲ್ಲಿಯೂ, ಒಂದು ಕುಟುಂಬವನ್ನು ಹತ್ತಿರದಿಂದ ಬಲ್ಲವರು ನಡೆದುಕೊಂಡ ರೀತಿಯೇ ಸಂಬಂಧಕ್ಕೆ ಆಧಾರವಾಗಬಹುದೆಂಬ ಮಾತಿತ್ತು. 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ತತ್ತ್ವ ಉಳಿದಿದೆ. ಈ ತಾಯಿ ಆ ಮಗಳ ತಾಯಿಯೆಂದು ನಮ್ಮ ಬೀದಿಯಲ್ಲಿ 40 ಮನೆಯವರು ಹೇಳಬಲ್ಲರು. ದೂತಾವಾಸದ ಕಿಟಕಿಯ ಬಳಿ ಬೀದಿಯವರಿಗೆ ಜಾಗವಿಲ್ಲ. ವೀರಶರ್ಮನೇ ಬಂದರೂ ಹೊರಗೆ ನಿಲ್ಲಬೇಕು.

ಎರಡನೆಯ ಸಂದರ್ಶನವಾದುದು 2018ರಲ್ಲಿ. ಏಕೆ ಹೋಗುವಿರಿ ಎಂದು ದುಭಾಷಿಯ ಮೂಲಕ ಕೇಳಿದಾಗ, ಆ ತಾಯಿ ಯಾರ ಮುಖವನ್ನೂ ನೋಡದೆ, "ಮಗಳು ಹೆತ್ತಿದ್ದಾಳೆ. ಬಾಣಂತನಕ್ಕೆ ಹೋಗಲಾಗಲಿಲ್ಲ. ಕೂಸನ್ನಾದರೂ ನೋಡಿ ಬರುತ್ತೇನೆ. ಅಡಿಕೆ ಕೊಯ್ಲಿಗೆ ಇಲ್ಲಿರಬೇಕು" ಎಂದರಂತೆ. ಹಿಂದಿನ ಸಲ ಊರು ನೋಡಲು ಎಂದಿರಲ್ಲ ಎಂಬುದಕ್ಕೆ ಶಿವಪ್ಪನವರು, "ಹೇಳಿಕೊಟ್ಟವರ ಮಾತು ಕೇಳಿದೆವು, ತಪ್ಪಾಯಿತು" ಎಂದರು. ಅಧಿಕಾರಿ ಕಟ್ಟಿನಿಂದ ಆ ಒಂದು ಪುಟವನ್ನು ಮಾತ್ರ ಕೇಳಿ ಪಡೆದು ಓದಿದರು. ವೀಸಾ ಬಂದಿತು.

ಅಷ್ಟರಲ್ಲಿ ಕೂಸಿಗೆ ಐದು ತಿಂಗಳು ತುಂಬಿತ್ತು. ಮಗಳಿಗೆಂದು ಕಟ್ಟಿದ್ದ ಅಂಟಿನ ಉಂಡೆಗಳನ್ನು ಹಿಂದಿನ ವರ್ಷವೇ ಬೀದಿಯ ಮತ್ತೊಬ್ಬ ಬಾಣಂತಿಗೆ ಕೊಟ್ಟಾಗಿತ್ತು. ಅಜ್ಜಿ ಹೋಗಿ ನಾಲ್ಕು ತಿಂಗಳಿದ್ದು, ಹೇಳಿದಂತೆಯೇ ಕೊಯ್ಲಿಗೆ ಬಂದರು. ಮರುವಾರ ಶಿವಪ್ಪನವರು ನಮ್ಮ ಜಗಲಿಗೆ ಅದೇ ತಗಡಿನ ಪೆಟ್ಟಿಗೆ ತಂದು ಮುಚ್ಚಳ ತೆಗೆದರು. ಎಲ್ಲ ಕಾಗದಗಳ ಮೇಲೆ, ಅಲ್ಲಿನ ಆಸ್ಪತ್ರೆಯವರು ನೆನಪಿಗೆಂದು ಕೊಟ್ಟ ಒಂದು ಹಾಳೆ. ಅದರಲ್ಲಿ ಮಗುವಿನ ಹೆಸರು, ತಾರೀಕು, ಕರಿ ಮಸಿಯಲ್ಲಿ ಒತ್ತಿದ ಎರಡು ಪುಟ್ಟ ಪಾದಗಳ ಗುರುತು.

"ಇದು ಸರ್ಕಾರದ ಜನನ ಪತ್ರವಲ್ಲ ಶಿವಪ್ಪನವರೇ, ಯಾವ ಕಚೇರಿಯಲ್ಲೂ ನಡೆಯುವುದಿಲ್ಲ" ಎಂದೆ.

"ಗೊತ್ತು ಮೇಷ್ಟ್ರೇ, ಇರಲಿ" ಎಂದು ಮುಚ್ಚಳ ಹಾಕಿದರು.